ಗಿಡ ಕೀಳುವ ಕಾಲ

ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳಿಗೆ ಕೊಡುವ ವಾಗ್ದಾನಗಳಲ್ಲೆಲ್ಲ ಅತ್ಯಂತ ಅಗ್ಗವಾದುದು “ಭಾನುವಾರ ಲಾಲ್‌ಬಾಗಿಗೆ ಹೋಗೋಣ” ಎಂಬುದು. ಕೊಡುವುದಕ್ಕೆ ಖರ್ಚಿಲ್ಲ, ತಪ್ಪಿಸಿಕೊಳ್ಳುವುದಕ್ಕೆ ಪ್ರಯಾಸವಿಲ್ಲ. ಭಾನುವಾರ ಬಂದೊಡನೆ ಒಂದೋ ನೆಂಟರು ಬರುತ್ತಾರೆ, ಇಲ್ಲವೆ ನಲ್ಲಿಯಲ್ಲಿ ನೀರು ಬರುತ್ತದೆ. ಎರಡರಲ್ಲಿ ಯಾವುದು ಬಂದರೂ ಗೃಹಸ್ಥನಾದವನು ಮನೆಯಲ್ಲಿಯೇ ಇರಬೇಕಾಗುತ್ತದೆ. ಮಕ್ಕಳಾದರೋ ಮುಂದಿನ ಭಾನುವಾರವನ್ನು ಎದುರುನೋಡುತ್ತ ದೊಡ್ಡವರಾಗಿಬಿಡುತ್ತವೆ.

ಬನಶಂಕರಿಯ ಕಡೆಯ ಒಂದು ಬಡಾವಣೆಯಲ್ಲಿ, ಮೂರನೆಯ ಅಂತಸ್ತಿನ ಬಾಡಿಗೆಮನೆಯಲ್ಲಿ ವಾಸವಾಗಿರುವ ಒಬ್ಬ ಗೃಹಸ್ಥನ ವಾಗ್ದಾನವೂ ಹೀಗೆ ಏಳು ಭಾನುವಾರಗಳನ್ನು ದಾಟಿ ಎಂಟನೆಯದಕ್ಕೆ ಬಂದು ನಿಂತಿತ್ತು. ಏಪ್ರಿಲ್ ತಿಂಗಳು. ತಾರಸಿಯ ಕಾವು ರಾತ್ರಿ ಹನ್ನೊಂದಾದರೂ ಇಳಿಯದ ಕಾಲ. ಆ ದಿನ ನೆಂಟರೂ ಬರಲಿಲ್ಲ, ನೀರೂ ಬರಲಿಲ್ಲ. ಹತ್ತು ವರ್ಷದ ಮಗನೂ ಆರು ವರ್ಷದ ಮಗಳೂ ಮಧ್ಯಾಹ್ನ ಮೂರು ಗಂಟೆಗೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತರು. ಅಷ್ಟರಲ್ಲಿ ಮನೆಯಾಕೆ ಒಳಗಿನಿಂದ, “ಅತ್ತೇನೂ ಕರ್ಕೊಂಡು ಹೋಗೋಣ” ಎಂದಳು.

ಆ ಮಾತಿನ ಹಿಂದೆ ಒಂದು ಕಥೆಯಿತ್ತು. ಅಜ್ಜಿ ಶಿರಾ ಸೀಮೆಯ ಒಂದು ಹಳ್ಳಿಯವರು. ಯಜಮಾನರು ತೀರಿಕೊಂಡ ಮೇಲೆ, ದೀಪಾವಳಿ ಕಳೆದು, ಮಗ ಊರಿನ ಮನೆಗೆ ಬೀಗ ಹಾಕಿಸಿ ತಾಯಿಯನ್ನು ಬೆಂಗಳೂರಿಗೆ ಕರೆತಂದಿದ್ದ. ಬಂದ ದಿನದಿಂದ ಅಜ್ಜಿ ಯಾವುದಕ್ಕೂ ಗೊಣಗಿದವರಲ್ಲ. ಗೊಣಗಿದ್ದರೆ ಚೆನ್ನಾಗಿತ್ತು! ಕೊಟ್ಟುದನ್ನು ಉಣ್ಣುವರು, ಅದೂ ದಿನೇ ದಿನೇ ಒಂದು ತುತ್ತು ಕಡಿಮೆ, ಕುಳಿತಲ್ಲಿ ಕುಳಿತಿರುವರು. ಬಾಲ್ಕನಿಯ ಕಂಬಿಗೆ ಒರಗಿಸಿದ ಪ್ಲಾಸ್ಟಿಕ್ ಕುಂಡದ ತುಳಸಿಗೆ ಬೆಳಿಗ್ಗೆ ಒಂದು ಚೊಂಬು ನೀರೆರೆದರೆ ಅಂದಿನ ಹೊರಸಂಚಾರ ಮುಗಿಯಿತು. ಆರು ತಿಂಗಳಲ್ಲಿ ಅವರ ಕಾಲು ಮಣ್ಣನ್ನು ಮುಟ್ಟಿರಲಿಲ್ಲ. ಈ ನಡುವೆ ಊರಿನ ಮನೆಗೆ ಗಿರಾಕಿ ಗೊತ್ತಾಗಿದ್ದ. ಬೆಲೆ ಪರವಾಗಿಲ್ಲ, ವಾರದೊಳಗೆ ಉತ್ತರ ಬೇಕು ಎಂದಿದ್ದ. ಮನೆ ಮಾರಿದರೆ ತಾಯಿ ಹಿಂದಿರುಗುವ ದಾರಿ ಮುಚ್ಚುತ್ತದೆ. ಮಾರದಿದ್ದರೆ ಆ ಬೀಗದ ಮನೆಗೆ ಅವರೊಬ್ಬರನ್ನೇ ಕಳುಹಿಸುವುದಂತೂ ಸಾಧ್ಯವಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಗಂಡಹೆಂಡಿರು ಇದನ್ನೇ ಪಿಸುಮಾತಿನಲ್ಲಿ ಆಡುತ್ತಿದ್ದರು. ಕೇಳಬೇಕಾದವರನ್ನು ಮಾತ್ರ ಕೇಳಿರಲಿಲ್ಲ. ಕೇಳುವ ಧೈರ್ಯ ಮಗನಿಗಿರಲಿಲ್ಲ.

ಅಂತೂ ಸವಾರಿ ಹೊರಟಿತು. ಮೆಟ್ರೊ ನಿಲ್ದಾಣದ ಚಲಿಸುವ ಮೆಟ್ಟಿಲನ್ನು ಅಜ್ಜಿ ಒಮ್ಮೆ ನೋಡಿ, “ನಿಂತ ಮೆಟ್ಲು ಎಲ್ಲಿದೆ?” ಎಂದು ಕೇಳಿ, ಅದನ್ನೇ ಹತ್ತಿದರು. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮದ ಬಾಗಿಲಿಗೆ ಬಂದಾಗ ಗಂಟೆ ನಾಲ್ಕಾಗಿತ್ತು. ಬಾಗಿಲ ಹೊರಗೆ ಉಪ್ಪುಖಾರ ಸವರಿದ ಮಾವಿನಕಾಯಿ ಹೋಳು, ಸುಲಿದ ಸೌತೆಕಾಯಿ, ಹುರಿದ ಕಡಲೆಕಾಯಿ. ಮಕ್ಕಳ ಪ್ರಯಾಣ ಅಲ್ಲಿಯೇ ಕಾಲು ಗಂಟೆ ನಿಂತಿತು.

ಒಳಗೆ ಕಾಲಿಟ್ಟೊಡನೆ ಬಿಸಿಲು ಬೇರೆಯಾಗುತ್ತದೆ. ಹೊರಗಿನ ಬಿಸಿಲು ತಲೆಯ ಮೇಲೆ ಕೂರುತ್ತದೆ. ಒಳಗಿನದು ಎಲೆಗಳ ಸಂದಿಯಲ್ಲಿ ನಾಣ್ಯದಂತೆ ಉದುರಿ ನೆಲದ ಮೇಲೆ ಬಿದ್ದಿರುತ್ತದೆ. 240 ಎಕರೆ ನೆರಳು! ಎಂತಹ ಧನಿಕನೂ ತನ್ನ ಮನೆಗೆ ಕಟ್ಟಿಸಿಕೊಳ್ಳಲಾರದ ಈ ಅಂಗಳ ಭಾನುವಾರ ಸಂಜೆ ಒಂದು ಟಿಕೆಟಿನ ಬೆಲೆಗೆ ಯಾರದಾದರೂ ಆಗುತ್ತದೆ. ಹುಲ್ಲಿನ ಮೇಲೆ ಕೂಸನ್ನು ಮಲಗಿಸಿಕೊಂಡ ಬಾಣಂತಿ, ಕಲ್ಲುಬೆಂಚಿನ ಮೇಲೆ ರಾಜ್ಯಭಾರದ ತಪ್ಪುಗಳನ್ನು ತಿದ್ದುತ್ತಿರುವ ನಿವೃತ್ತರು, ಹೊಸದಾಗಿ ಮದುವೆಯಾಗಿ ಏನು ಮಾತನಾಡಬೇಕೆಂದು ತಿಳಿಯದೆ ಹೂಗಳ ಹೆಸರನ್ನೋದುತ್ತಿರುವ ಜೋಡಿ—ಎಲ್ಲರಿಗೂ ಇಲ್ಲಿ ಎಡೆಯುಂಟು.

ಗೃಹಸ್ಥನಿಗೆ ಪುಸ್ತಕ ಓದುವ ಚಟವಿತ್ತು. ಓದಿದ್ದನ್ನು ಹೇಳುವ ಚಟ ಅದಕ್ಕಿಂತ ದೊಡ್ಡದು. ಗಾಜಿನ ಮನೆಯ ಎದುರು ನಿಂತು ಪ್ರವಚನ ಆರಂಭಿಸಿದ. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರನು ಇದಕ್ಕೆ ಅಸ್ತಿಭಾರದ ಕಲ್ಲಿಟ್ಟದ್ದು, ಎರಕದ ಕಬ್ಬಿಣ ಗ್ಲಾಸ್ಗೋ ಪಟ್ಟಣದಿಂದ ಹಡಗಿನಲ್ಲಿ ಬಂದದ್ದು, 1935ರಲ್ಲಿ ಪೂರ್ವದ ರೆಕ್ಕೆಯನ್ನು ನಮ್ಮ ಭದ್ರಾವತಿಯ ಉಕ್ಕಿನಿಂದ ಸೇರಿಸಿದ್ದು, ಎಲ್ಲವೂ ಬಂದವು. ಮಕ್ಕಳು ಭದ್ರಾವತಿಗೆ ಬರುವುದರೊಳಗೆ ಓಡಿಹೋಗಿದ್ದರು. ಅಜ್ಜಿ ಮಾತ್ರ ಕೇಳುತ್ತಿದ್ದರು.

“ಇದೇನಪ್ಪ, ಮನೆ ಅಂತೀಯ, ಸುತ್ತ ಗೋಡೇನೇ ಇಲ್ವಲ್ಲ?”

“ಅವರ ದೇಶದಲ್ಲಿ ಚಳಿ ಅಮ್ಮ. ಗಿಡಕ್ಕೆ ಬಿಸಿಲು ಕೂಡಿಡೋಕೆ ಗಾಜಿನ ಮನೆ ಬೇಕು. ನಮ್ಮಲ್ಲಿ ಬಿಸಿಲಿಗೇನು ಬರ? ಇಲ್ಲಿ ಇದು ಹೂವಿನ ಪ್ರದರ್ಶನಕ್ಕೆ ಅಷ್ಟೆ.”

“ಹಂಗಾದ್ರೆ ಮನೆ ಅನ್ಬೇಡ, ಮಂಟಪ ಅನ್ನು” ಎಂದು ಅಜ್ಜಿ ತಿದ್ದಿದರು. ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೂ ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವಕ್ಕೂ ಫಲಪುಷ್ಪ ಪ್ರದರ್ಶನ ನೋಡಲು ಅಲ್ಲಿ ನೂಕುನುಗ್ಗಲಾಗುವ ಜನಕ್ಕೆ ತೋಚದಿದ್ದ ಹೆಸರು!

ಮುಂದೆ ನಡೆದಂತೆ ಮಗ ಮರಗಳನ್ನು ಪರಿಚಯ ಮಾಡಿಸತೊಡಗಿದ. ಹೂ ಹೊತ್ತು ಉರಿಯುತ್ತಿದ್ದ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಕೊಡೆಯಂತೆ ಹರಡಿದ ಮಳೆಮರ ಅಮೆರಿಕದ್ದು. ಜಕರಂದವೂ ಆ ಕಡೆಯದೇ. ಟಿಪ್ಪುವಿನ ಕಾಲದಲ್ಲಿಯೇ ದೂರದೇಶಗಳಿಂದ ಬೀಜಗಳೂ ಸಸಿಗಳೂ ಇಲ್ಲಿಗೆ ಬಂದವು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಆ ಕೆಲಸ ಇನ್ನೂ ಹೆಚ್ಚಿತು. ಅಡುಗೆಮನೆಗೆ ಸಲ್ಲುವ ಸೀಮೆಬದನೆಯ ಬಳ್ಳಿ ಕೂಡ ಲಾಲ್‌ಬಾಗಿನ ಮೂಲಕ ಬಂದು ಸುತ್ತಲ ತೋಟಗಳಿಗೆ ಹಬ್ಬಿತಂತೆ. ಕನ್ನಡದ ‘ಸೀಮೆ’ ಎಂಬ ಶಬ್ದಕ್ಕೆ ಇಂತಹ ಅತಿಥಿಗಳನ್ನು ಒಳಕ್ಕೆ ಕರೆದು ಕೂರಿಸುವ ಗುಣವುಂಟು: ಸೀಮೆಹಸು, ಸೀಮೆಸುಣ್ಣ, ಸೀಮೆಎಣ್ಣೆ. ಹೊರಗಿನವನೆಂಬ ಗುರುತೂ ಉಳಿಯಿತು, ಮನೆಯವನೆಂಬ ಸಲಿಗೆಯೂ ಬಂತು.

“ಸೀಮೆಹುಣಸೆಯೂ ಅಮೆರಿಕದಿಂದಲೇ ಬಂದದ್ದು” ಎಂದ ಮಗ.

“ಹೋಗಪ್ಪ! ಅದು ನಮ್ಮ ಹೊಲದ ಬೇಲಿಯದು. ನಮ್ಮತ್ತೆ ಕಾಲದಿಂದ ಇದೆ.”

“ಅದಕ್ಕೂ ಹಿಂದೆ ಬಂದದ್ದಮ್ಮ.”

ಅಜ್ಜಿ ನಾಲ್ಕು ಹೆಜ್ಜೆ ಸುಮ್ಮನೆ ನಡೆದರು. ಬಳಿಕ, “ಎಲ್ಲಿಂದ ಬಂದ್ರೇನು, ಬೇರು ಬಿಟ್ಟ ಮೇಲೆ ನಮ್ದೇ” ಎಂದರು.

ಕೆರೆಯ ಕಡೆಗೆ ಹೋದಾಗ ಮಕ್ಕಳು ಆಗಲೇ ಆ ದೊಡ್ಡ ಬಿಳಿ ಬೂರುಗದ ಮರವನ್ನು ಕಂಡುಹಿಡಿದಿದ್ದರು. ಎರಡು ಶತಮಾನ ಕಂಡದ್ದೆಂದು ಹೇಳುವ ಆ ಮರದ ಬೇರುಗಳು ನೆಲದಿಂದೆದ್ದು ಗೋಡೆಗಳಂತೆ ನಿಂತಿವೆ. ನಡುವಣ ಸಂದುಗಳಲ್ಲಿ ಆನೆಮರಿ ಅಡಗಿದರೂ ಕಾಣದು. ಮೊಮ್ಮಗಳು ಅಜ್ಜಿಯ ಕೈಹಿಡಿದೆಳೆದು, “ಅಜ್ಜಿ, ಇದು ಎಂಥ ಮರ?” ಎಂದಳು. ಗೃಹಸ್ಥನು ಬಾಯಿ ತೆರೆಯುವುದರೊಳಗೆ ಉತ್ತರ ಬಂದಿತ್ತು.

“ಬೂರುಗ ಕಣೆ. ಇದರ ಕಾಯೊಡೆದ್ರೆ ಒಳಗೆ ಹತ್ತಿ. ನನ್ನ ಮದುವೇಲಿ ನಮ್ಮಮ್ಮ ಕೊಟ್ಟ ದಿಂಬು ಬೂರುಗದ್ದೇ. ತಲೆ ಇಟ್ರೆ ಮೋಡದ ಮೇಲಿಟ್ಟ ಹಾಗೆ. ಆ ದಿಂಬಿನ ಮೇಲೇ ನಿಮ್ಮಪ್ಪನ್ನ ಮಲಗಿಸ್ತಿದ್ದೆ.”

ಮಕ್ಕಳು ತಂದೆಯನ್ನೂ ಮರವನ್ನೂ ಸರದಿಯಲ್ಲಿ ನೋಡಿದರು. ಆರು ತಿಂಗಳಲ್ಲಿ ಅಜ್ಜಿ ಇಷ್ಟು ಉದ್ದದ ಮಾತನ್ನು ಆಡಿದ್ದು ಅದೇ ಮೊದಲು. ಸೊಸೆ ಮುಖ ಬೇರೆಡೆಗೆ ತಿರುಗಿಸಿ ಕೆರೆಯ ಬಾತುಗಳನ್ನು ಎಣಿಸಿದಳು.

ಸುತ್ತಿ ಬಂದು ಬಂಡೆಯ ಬುಡ ತಲುಪಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಲಾಲ್‌ಬಾಗಿನ ಬಂಡೆಯನ್ನು ನೋಡದೆ ಹೂವನ್ನಷ್ಟೇ ನೋಡಿ ಹಿಂದಿರುಗುವವರೇ ಬಹಳ. ಆದರೆ ಆ ತೋಟದಲ್ಲಿ ಎಲ್ಲಿಂದಲೂ ಬಾರದೆ ಮೊದಲಿನಿಂದ ಇಲ್ಲಿಯದೇ ಆಗಿರುವುದು ಅದೊಂದೇ. ವಯಸ್ಸು ಸುಮಾರು 300 ಕೋಟಿ ವರ್ಷ; ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕವಿದೆ. ನೆತ್ತಿಯ ಮೇಲೆ ಪುಟ್ಟ ಗೋಪುರ. ಊರು ಇಲ್ಲಿಯವರೆಗೆ ಬೆಳೆದೀತೆಂದು ಕೆಂಪೇಗೌಡರ ಕಾಲದಲ್ಲಿ ನಾಲ್ಕು ದಿಕ್ಕಿಗೆ ನಿಲ್ಲಿಸಿದ ಗೋಪುರಗಳಲ್ಲೊಂದು ಎಂಬುದು ಪ್ರತೀತಿ. ಊರು ಅದನ್ನು ದಾಟಿ ಎಲ್ಲಿಗೆ ಹೋಯಿತೆಂಬುದನ್ನು ಅಲ್ಲಿ ನಿಂತು ಸುತ್ತ ನೋಡಿದರೆ ಸಾಕು, ಯಾರೂ ಹೇಳಬೇಕಾದುದಿಲ್ಲ.

ಬಂಡೆಯ ಬುಡದಲ್ಲಿ ಅಜ್ಜಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. “ಅತ್ತೆ, ಕಾಲು ಸುಡುತ್ತೆ” ಎಂದಳು ಸೊಸೆ. “ಸುಡೋ ಹೊತ್ತು ಮುಗೀತು ಕಣಮ್ಮ, ಈಗ ಬೆಚ್ಚಗಿರತ್ತೆ” ಎಂದವರೇ ಯಾರ ಆಸರೆಯೂ ಇಲ್ಲದೆ ಇಳಿಜಾರನ್ನು ಹತ್ತತೊಡಗಿದರು. ಮಂಡಿನೋವೆಂದು ಮೂರು ಅಂತಸ್ತು ಇಳಿಯಲು ಕಂಬಿ ಹಿಡಿಯುತ್ತಿದ್ದವರು! ಪಾದ ತಾನೇ ದಾರಿ ಅರಿತಂತೆ, ಎಲ್ಲಿ ಜಾರುವುದು, ಎಲ್ಲಿ ನಿಲ್ಲುವುದು ಎಂದು ಗೊತ್ತಿದ್ದಂತೆ ಹೋದರು. ಅರ್ಧ ಎತ್ತರದಲ್ಲಿ ಕುಳಿತು, ಅಂಗೈಯನ್ನು ಕಲ್ಲಿನ ಮೇಲೆ ಚಾಚಿ ಒತ್ತಿ ನೋಡಿದರು.

“ನಮ್ಮ ಕಣದ ಬಂಡೆ ಹಾಗೇ ಇದೆಯಲ್ಲೋ.”

ಮಗನಿಗೆ ತಟ್ಟನೆ ನೆನಪಾಯಿತು. ಊರ ಹೊರಗಿನ ಹಾಸುಬಂಡೆ. ಅದರ ಮೇಲೆ ಹುರುಳಿ ಒಣಗುವುದು, ಬೇಸಗೆಯಲ್ಲಿ ಸಂಡಿಗೆ ಒಣಗುವುದು, ಸಂಜೆ ಬೆಚ್ಚನೆಯ ಕಲ್ಲಿಗೆ ಬೆನ್ನು ಕೊಟ್ಟು ಹುಡುಗರು ಚುಕ್ಕೆ ಎಣಿಸುವುದು. ಅಜ್ಜಿ ಹೇಳಿದ್ದು ಬರಿಯ ಭಾವನೆಯ ಮಾತೂ ಆಗಿರಲಿಲ್ಲ. ಹಳೆಯ ಮೈಸೂರು ಸೀಮೆಯ ಬಹುಭಾಗದ ನೆಲದಡಿಯಲ್ಲಿ ಇದೇ ಜಾತಿಯ ಶಿಲೆ ಹಾಸಿದೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮೇಲೆ ಊರುಗಳು ಬೇರೆ ಬೇರೆ. ಕೆಳಗೆ ಕಲ್ಲು ಒಂದೇ.

“ಈ ತೋಟಾನೂ ನಮ್ಮ ಕಡೆಯದೇ ಅಮ್ಮ” ಎಂದ ಮಗ, ಪಕ್ಕದಲ್ಲಿ ಕುಳಿತು. “ಹೈದರಾಲಿ 1760ರಲ್ಲಿ ಇದಕ್ಕೆ ಕೈಹಾಕಿದಾಗ ಶಿರಾದಲ್ಲಿದ್ದ ಮೊಗಲರ ತೋಟವೇ ಮಾದರಿಯಂತೆ.”

“ನಮ್ಮ ಶಿರಾದ್ದೇ? ಅಷ್ಟು ವರ್ಷ ಸಂತೆಗೆ ಹೋದೆ, ತೋಟ ಕಾಣಲಿಲ್ಲವಲ್ಲ?”

“ಅಲ್ಲಿಯ ವೈಭವ ಹೋಯಿತು. ಇಲ್ಲಿಯದು ಉಳೀತು.”

ಅಜ್ಜಿ ಇದಕ್ಕೆ ಏನೂ ಹೇಳಲಿಲ್ಲ. ಕೆಳಗೆ ಮರಗಳ ನೆತ್ತಿಗೆ ಹಕ್ಕಿಗಳು ಬಂದು ಸೇರುತ್ತಿದ್ದವು. ಮಕ್ಕಳು ಗೋಪುರದ ಸುತ್ತ ಓಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು.

“ಮನೆಗೆ ಗಿರಾಕಿ ಬಂದಿದಾನಂತಲ್ಲ?”

ಮಗ ಬೆಚ್ಚಿದ. ಪಿಸುಮಾತುಗಳು ಗೋಡೆಯ ಆಚೆಗೆ ಕೇಳಿಸುತ್ತವೆಂಬುದು ಬಾಡಿಗೆಮನೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಹೊಳೆಯದೆ ಹೋಗಿತ್ತು. “ನಿನಗೆ ಹೇಳಬೇಕು ಅಂತಲೇ ಇದ್ದೆ. ನೀನು ಏನಂತೀಯ?” ಎಂದ, ತಲೆ ತಗ್ಗಿಸಿ.

“ನಾನೇನು ಹೇಳ್ಲಿ? ಅಲ್ಲಿ ಒಬ್ಬಳೇ ಇರೋಕಾಗಲ್ಲ, ಗೊತ್ತು. ಇಲ್ಲಿ ಇರ್ತೀನೋ ಇಲ್ವೋ, ಅದು ಇನ್ನೂ ಗೊತ್ತಿಲ್ಲ.” ಕಲ್ಲಿನ ಬಿರುಕಿನಲ್ಲಿ ಹುಟ್ಟಿದ್ದ ಒಂದು ಹುಲ್ಲಿನ ಎಸಳನ್ನು ಬೆರಳಿನಿಂದ ಸವರುತ್ತ ಮತ್ತೆ ಹೇಳಿದರು: “ಬೇಸಗೇಲಿ ಯಾರಾದ್ರೂ ಗಿಡ ಕಿತ್ತು ನೆಡ್ತಾರೇನೋ? ಮಳೆ ಬರ್ಲಿ. ಎರಡು ಹದ ಮಳೆ ಆದ್ಮೇಲೆ ಕೇಳು, ಹೇಳ್ತೀನಿ. ಅಲ್ಲೀತನಕ ಅವನಿಗೆ ತಡಿ ಅನ್ನು.”

ಗಿರಾಕಿ ತಡೆಯುವನೋ ಇಲ್ಲವೋ ಎಂಬ ಪ್ರಶ್ನೆ ಮಗನ ನಾಲಗೆಯ ತುದಿಗೆ ಬಂದಿತ್ತು. ಬೆಲೆ ಕೈತಪ್ಪಿದರೆ ಮಕ್ಕಳ ಶಾಲೆಯ ಫೀಸಿಗೂ ಕಷ್ಟವೇ. ಆದರೂ ಅವನು ಅದನ್ನು ನುಂಗಿಕೊಂಡು, “ಆಗಲಮ್ಮ” ಎಂದ. ಕಡಿದು ಮಾರುವವನಿಗೆ ಎಲ್ಲ ಕಾಲವೂ ಒಂದೇ. ನೆಟ್ಟು ಉಳಿಸಬೇಕೆನ್ನುವವನು ಋತು ನೋಡಬೇಕು. ಬೇಸಾಯ ಮಾಡಿದವರ ಮಗನಿಗೆ ಇದು ಪುಸ್ತಕದಲ್ಲಿ ಸಿಕ್ಕಿರಲಿಲ್ಲ.

ನಗರಕ್ಕೆ ಉದ್ಯಾನವೇಕೆ ಎಂದು ಕೇಳಿದರೆ ಗಾಳಿ, ಆರೋಗ್ಯ, ಸೌಂದರ್ಯವೆಂದು ಉತ್ತರ ಕೊಡುವುದುಂಟು. ಅವೆಲ್ಲ ನಿಜವೇ. ಆದರೆ ಹಳ್ಳಿಗಳಿಂದ ಬೇರು ಸಹಿತ ಕಿತ್ತು ಬಂದ ಸಾವಿರಾರು ಹಿರಿಯ ಜೀವಗಳು ಮೂರನೆಯ, ನಾಲ್ಕನೆಯ ಅಂತಸ್ತುಗಳಲ್ಲಿ ಕುಂಡದ ತುಳಸಿಯಂತೆ ಕುಳಿತಿವೆ. ಅವಕ್ಕೆ ವಾರಕ್ಕೊಮ್ಮೆಯಾದರೂ ಪಾದ ಊರಲು ನೆಲ ಬೇಕು. ಹೆಸರು ಹೇಳಿ ಗುರುತಿಸಲು ಒಂದು ಮರ ಬೇಕು. ಮೊಮ್ಮಕ್ಕಳೆದುರು ತಾವು ತಿಳಿದವರಾಗಲು ಒಂದು ಗಳಿಗೆ ಬೇಕು. ಮಕ್ಕಳನ್ನು ಆಡಿಸಲೆಂದು ಹೋದ ತೋಟ ಮನೆಯ ಹಿರಿಯರಿಗೆ ಹೆಚ್ಚು ಅಗತ್ಯವಾಗಿತ್ತೆಂಬುದು ಹೋದ ಮೇಲಷ್ಟೇ ತಿಳಿಯುತ್ತದೆ.

ಏಳು ಗಂಟೆ ಸಮೀಪಿಸಿತು. ಕಾವಲಿನವರ ಸೀಟಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿ ಬಂತು. ಜನ ಹುಲ್ಲಿನಿಂದೆದ್ದು, ಬಟ್ಟೆ ಕೊಡವಿಕೊಂಡು ಬಾಗಿಲುಗಳ ಕಡೆ ಹರಿಯತೊಡಗಿದರು. ಬಂಡೆಯ ಬುಡದಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿದರು, ಮನಸ್ಸಿಲ್ಲದ ಮನಸ್ಸಿನಿಂದ.

“ಮುಂದಿನ ಭಾನುವಾರಾನೂ ಬರೋಣ ಅಜ್ಜಿ?” ಎಂದಳು ಮೊಮ್ಮಗಳು.

ಮೊಮ್ಮಗ ಅನುಭವಸ್ಥ. “ನೆಂಟರು ಬಂದ್ಬಿಟ್ರೆ?” ಎಂದ.

“ಬರ್ಲಿ. ಅವರನ್ನೂ ಕರ್ಕೊಂಡು ಬಂದ್ರಾಯ್ತು” ಎಂದು ಅಜ್ಜಿ ಎಲ್ಲರಿಗಿಂತ ಮುಂದೆ ನಡೆದರು.