ಹೊಳೆಯ ಎರಡು ದಡದ ಊಟ

ಪ್ರವಾಸದ ಲೇಖನವೆಂದೊಡನೆ ದೇವಾಲಯ, ಕೋಟೆ, ಜಲಪಾತಗಳ ವರ್ಣನೆಯನ್ನು ವಾಚಕರು ನಿರೀಕ್ಷಿಸುವುದು ಸಹಜ. ಆದರೆ ಪರಸ್ಥಳದಿಂದ ಮರಳಿದವರನ್ನು ಮನೆಯವರು ಮೊದಲು ಕೇಳುವ ಪ್ರಶ್ನೆ ಬೇರೆಯೇ ಆಗಿರುತ್ತದೆ: “ಅಲ್ಲಿ ಊಟಕ್ಕೆ ಏನು ಮಾಡಿದಿರಿ?” ಈ ಪ್ರಶ್ನೆ ಹಗುರವಾದುದಲ್ಲ. ಒಂದು ಊರಿನ ಮಣ್ಣು, ನೀರು, ಬೆಳೆ, ಕಸುಬು, ಜನರ ಪರಸ್ಪರ ನಡವಳಿಕೆ, ಇವೆಲ್ಲವೂ ಅಲ್ಲಿಯ ಊಟದ ಎಲೆಯ ಮೇಲೆ ಬಂದು ಕೂಡುವುವು. ಆದಕಾರಣ ತುಂಗಭದ್ರೆಯ ಎರಡು ದಡಗಳಲ್ಲಿ ಎದುರುಬದುರಾಗಿರುವ ಕುಮಾರಪಟ್ಟಣ ಮತ್ತು ಹರಿಹರಗಳ ಊಟದ ಮನೆಗಳನ್ನು ನಾವು ಈಚೆಗೆ ನೋಡಿಬಂದ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಈ ಎರಡು ಊರುಗಳ ನಡುವೆ ಹೊಳೆಯ ಅಗಲದಷ್ಟೇ ಅಂತರ. ಆದರೆ ೧೯೫೬ನೆಯ ನವೆಂಬರ್ ೧ರ ವರೆಗೆ ಈ ಹೊಳೆಯೇ ಎರಡು ಆಳ್ವಿಕೆಗಳ ಗಡಿಯಾಗಿದ್ದಿತು. ಎಡದಂಡೆಯ ಕುಮಾರಪಟ್ಟಣವು ರಾಣೆಬೆನ್ನೂರು ತಾಲ್ಲೂಕಿನ ಊರು. ಧಾರವಾಡ ಜಿಲ್ಲೆಯೊಡನೆ ಮುಂಬಯಿಗೆ ಸೇರಿದ್ದುದು. ಬಲದಂಡೆಯ ಹರಿಹರವು ಚಿತ್ರದುರ್ಗ ಜಿಲ್ಲೆಯೊಡನೆ ಮೈಸೂರಿಗೆ ಸೇರಿದ್ದುದು. ಒಂದೇ ಭಾಷೆಯನ್ನಾಡುವ, ಒಂದೇ ನೀರನ್ನು ಕುಡಿಯುವ ಜನರು ಎರಡು ಕಡೆಯ ಕಚೇರಿಗಳಿಗೆ ಕಂದಾಯ ಕಟ್ಟುತ್ತಿದ್ದರು. ಏಕೀಕರಣದಿಂದ ಆ ಗಡಿ ಅಳಿಯಿತು. ೧೯೯೭ರಲ್ಲಿ ಹೊಸ ಜಿಲ್ಲೆಗಳಾದಾಗ ಒಂದು ದಡ ಹಾವೇರಿಗೂ ಇನ್ನೊಂದು ದಾವಣಗೆರೆಗೂ ಸಂದವು. ಈಗ ಉಳಿದಿರುವುದು ಜಿಲ್ಲೆಯ ಗಡಿ ಮಾತ್ರ.

ಎರಡನ್ನು ಕೂಡಿಸುವುದು ಈ ಸ್ಥಳಕ್ಕೆ ಹೊಸದೇನೂ ಅಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿಗೆ ಇಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿರುವರು. ೧೮೬೮ರಲ್ಲಿ ಬೆಂಗಳೂರು-ಧಾರವಾಡದ ದಾರಿಗಾಗಿ ಹೊಳೆಗೆ ಸೇತುವೆಯಾಯಿತು. ತರುವಾಯ ಕಾರಖಾನೆಗಳು ಬಂದವು. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪಿತವಾಗಿ, ಅಲ್ಲಿಯ ಲೇತ್ ಯಂತ್ರಗಳು ದೇಶವೆಲ್ಲ ಸಂಚರಿಸಿದವು. ಆ ಕಾರಖಾನೆ ಈಗ ನಡೆಯುತ್ತಿಲ್ಲ. ೧೯೭೨ರಲ್ಲಿ ಕುಮಾರಪಟ್ಟಣದಲ್ಲಿ ಮರದಿಂದ ನಾರಿನ ತಿರುಳನ್ನು ತೆಗೆಯುವ ಕಾರಖಾನೆಯಾಯಿತು. ಅದರ ಹೆಸರು ‘ಹರಿಹರ ಪಾಲಿಫೈಬರ್ಸ್’. ಕಟ್ಟಡ ಈ ದಡದಲ್ಲಿ, ಹೆಸರು ಆ ದಡದ್ದು! ದುಡಿಮೆಗಾಗಿ ಮನೆಬಿಟ್ಟು ಬಂದವರಿರುವಲ್ಲಿ ಊಟದ ಮನೆಗಳು ತಾವಾಗಿ ಹುಟ್ಟುವುವು. ಇಲ್ಲಿಯೂ ಹಾಗೆಯೇ ಹುಟ್ಟಿದವು.

ಬಹುಕಾಲ ಸಂಸ್ಕೃತ ಪಾಠ ಹೇಳಿದ ನಮಗೆ ಶಬ್ದಗಳ ಬೆನ್ನು ಹತ್ತುವುದು ಅಭ್ಯಾಸ. ಎಡದಂಡೆಯ ಊಟದ ಮನೆಗೆ ‘ಖಾನಾವಳಿ’ ಎಂದು ಹೆಸರು. ಅದು ಮರಾಠಿಯಿಂದ ಬಂದ ಮಾತು. ಮರಾಠಿಯ ಆ ಧಾತು ಸಂಸ್ಕೃತದ ‘ಖಾದ್’ ಎಂಬುದಕ್ಕೆ ಹೋಗಿ ಮುಟ್ಟುತ್ತದೆ. ಬಲದಂಡೆಯಲ್ಲಿ ‘ಹೋಟೆಲು’. ಅದು ಇಂಗ್ಲಿಷಿನ ಮುಖಾಂತರ ಬಂದುದಾದರೂ ಅದರ ಬೇರು ಲ್ಯಾಟಿನ್ನಿನ ಅತಿಥಿವಾಚಕ ಶಬ್ದದಲ್ಲಿದೆ. ನಮ್ಮ ‘ಆಸ್ಪತ್ರೆ’ಯೂ ಅದೇ ಬೇರಿನ ಚಿಗುರು. ಒಂದರಲ್ಲಿ ಎಚ್ಚರ ತಪ್ಪಿದವನು ಇನ್ನೊಂದಕ್ಕೆ ಹೋಗಬೇಕಾದೀತೆಂದು ಶಬ್ದಗಳೇ ಎಚ್ಚರಿಸುತ್ತಿರುವಂತೆ ತೋರುತ್ತದೆ.

ನಮ್ಮ ಜೊತೆಗೆ ಆ ಭಾಗದಲ್ಲಿಯೇ ಉಪಾಧ್ಯಾಯರಾಗಿದ್ದ ಮಿತ್ರರೊಬ್ಬರಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರು ನಮ್ಮನ್ನು ಕುಮಾರಪಟ್ಟಣದ ಒಂದು ಚಿಕ್ಕ ಖಾನಾವಳಿಗೆ ಕರೆದೊಯ್ದರು. ಮುಂದೆ ನಾಲ್ಕು ಬಾಕುಗಳು, ಹಿಂದೆ ಅಡಿಗೆಮನೆ; ನಡುವೆ ಬಾಗಿಲಿಲ್ಲದುದರಿಂದ ಒಳಗಿನ ಕೆಲಸವೆಲ್ಲ ಕಣ್ಣಿಗೆ ಕಾಣುತ್ತಿದ್ದಿತು. ಪಾಳಿ ಮುಗಿಸಿ ಬಂದ ಕೆಲಸಗಾರರು, ಸಂತೆಗೆ ಬಂದ ರೈತರು, ಲಾರಿಯ ಚಾಲಕರು ಉಣ್ಣುತ್ತಿದ್ದರು. ಐವತ್ತು ದಾಟಿದ ಯಜಮಾನಿತಿ ಒಲೆಯ ಮುಂದೆ ಕುಳಿತಿದ್ದವಳು ತಲೆಯೆತ್ತಿ, “ಬರ್ರಿ ಮಾಸ್ತರ್ರ, ಕುಂದರ್ರಿ, ಬಿಸಿ ರೊಟ್ಟಿ ಹಾಕ್ತೇನಿ” ಎಂದಳು.

ಅವಳು ರೊಟ್ಟಿ ಮಾಡುವುದನ್ನು ನಾವು ಗಮನವಿಟ್ಟು ನೋಡಿದೆವು. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಆದುದರಿಂದ ಕುದಿಯುವ ನೀರನ್ನು ಹಾಕಿ ಕಲಸಿ, ಬಿಸಿಯಾರುವ ಮೊದಲೇ ಚೆನ್ನಾಗಿ ನಾದಬೇಕು. ಲಟ್ಟಣಿಗೆಯ ಸಹಾಯವಿಲ್ಲದೆ ಅಂಗೈಯಿಂದ ಬಡಿದು, ತಿರುಗಿಸುತ್ತ ತಿರುಗಿಸುತ್ತ ಹುಣ್ಣಿಮೆಯ ಚಂದ್ರನಂತೆ ಅಗಲ ಮಾಡಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮುಖಕ್ಕೆ ನೀರು ಸವರಿ, ತಿರುವಿ, ಕೊನೆಗೆ ಉರಿಗೆ ಒಡ್ಡಿದರೆ ಅದು ಉಬ್ಬುವುದು. ಇಂತಹ ರೊಟ್ಟಿಗಳನ್ನು ಆಕೆ ಒಂದು ಹೊತ್ತಿಗೆ ನೂರಕ್ಕೆ ಕಡಮೆಯಿಲ್ಲದೆ ಬಡಿಯುವಳೆಂದು ಮಿತ್ರರು ಹೇಳಿದರು. ಜೊತೆಗೆ ಬದನೆಕಾಯಿಯ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿಯ ಪುಡಿ, ಅದರ ಮೇಲೆ ಗಟ್ಟಿ ಮೊಸರು, ಬದಿಗೆ ಹಸಿ ಉಳ್ಳಾಗಡ್ಡಿ. “ನಿಮ್ಮ ತರುವಾಯ ಈ ಕೆಲಸ ಯಾರು ನೋಡಿಕೊಳ್ಳುವರವ್ವಾ?” ಎಂದು ಕೇಳಿದೆವು. “ಮಗಳು ಸಾಲಿ ಕಲ್ತು ನೌಕರಿ ಮಾಡ್ತಾಳ್ರಿ. ಚಲೋನ ಆತು. ಈ ಕೈ ನಡೆಯೂತನ ನಡೀತೈತಿ” ಎಂದಳು. ಆ ಮಾತಿನಲ್ಲಿ ದುಃಖವಿರಲಿಲ್ಲ; ಆದರೆ ನಮಗೆ ಅದು ಬಹಳ ಹೊತ್ತು ಮರೆಯಲಿಲ್ಲ.

ಸಾಯಂಕಾಲ ಸೇತುವೆ ದಾಟಿ ಹರಿಹರಕ್ಕೆ ಹೋದೆವು. ಅಲ್ಲಿಯ ಹೋಟೆಲಿನ ಮಾಣಿ, “ಬನ್ನಿ ಮೇಷ್ಟ್ರೇ, ಏನು ಕೊಡಲಿ?” ಎಂದನು. ಅರ್ಧ ಹರದಾರಿಯೊಳಗೆ ನಾವು ಮಾಸ್ತರರಿಂದ ಮೇಷ್ಟ್ರಾದೆವು! ಅಲ್ಲಿಯ ಉಳ್ಳಾಗಡ್ಡಿ ಇಲ್ಲಿ ಈರುಳ್ಳಿ. ಶಿರಾ ಇಲ್ಲಿ ಕೇಸರಿಬಾತು. ಧಾರವಾಡದ ಕಡೆಯ ಚುರುಮುರಿ ಇಲ್ಲಿ ಮಂಡಕ್ಕಿ. ಅಲ್ಲಿ ಚಹಾದ ಆದರ, ಇಲ್ಲಿ ಕಾಫಿಯ ಉಪಚಾರ. ಅರಸರ ಗಡಿ ಅಳಿದು ಅರುವತ್ತು ವರುಷಗಳ ಮೇಲಾದರೂ ನಾಲಗೆಯ ಗಡಿ ಹೀಗೆ ಉಳಿದುಬಂದಿದೆ.

ಆದರೆ ಒಳಹೊಕ್ಕು ನೋಡಿದರೆ ಈ ಗಡಿಯೂ ಅಷ್ಟು ಗಟ್ಟಿಯಾದುದಲ್ಲ. ಹರಿಹರ, ದಾವಣಗೆರೆಗಳ ಮನೆಗಳಲ್ಲಿಯೂ ಜೋಳದ ರೊಟ್ಟಿ ನಿತ್ಯದ ಆಹಾರವೇ. ರಾಗಿಯ ಮುದ್ದೆಯ ಆಳ್ವಿಕೆ ಬಲವಾಗುವುದು ಚಿತ್ರದುರ್ಗದ ಆಚೆಗೆ. ಎರಡೂ ದಡದ ಹೆಣ್ಣುಗಂಡುಗಳಿಗೆ ಕೊಡುಕೊಳ್ಳುವ ಸಂಬಂಧವಿರುವಾಗ ಒಲೆಗಳು ಬೇರೆಯಾಗುವುದಾದರೂ ಹೇಗೆ? ಹೋಟೆಲಿನ ಹಲಗೆಗಳು ತೋರಿಸುವಷ್ಟು ಭೇದ ಅಡಿಗೆಮನೆಗಳಲ್ಲಿರಲಿಲ್ಲ.

ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ಈ ಪ್ರದೇಶದ ಕೀರ್ತಿಪತಾಕೆಯಾದ ದಾವಣಗೆರೆಯ ಬೆಣ್ಣೆದೋಸೆ. ಅದರ ಹುಟ್ಟಿನ ವಿಷಯವಾಗಿ ಅಲ್ಲಿ ಹೇಳಿಕೊಳ್ಳುವ ಕಥೆ ಹೀಗಿದೆ: ೧೯೨೮ರಲ್ಲಿ ಚೆನ್ನಮ್ಮನೆಂಬಾಕೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ದಾವಣಗೆರೆಗೆ ಬಂದು, ನಾಟಕ ಮಂದಿರದ ಬಳಿಯಲ್ಲಿ ರಾಗಿಯ ದೋಸೆಯನ್ನು ಮಾಡಿ ಮಾರತೊಡಗಿದಳು. ಮುಂದೆ ಆಕೆಯ ಮಕ್ಕಳು ರಾಗಿಯನ್ನು ಬಿಟ್ಟು ಅಕ್ಕಿ, ಉದ್ದು, ಮಂಡಕ್ಕಿಗಳನ್ನು ಕೂಡಿಸಿ ರುಬ್ಬಿ, ಬೆಣ್ಣೆ ಹಾಕಿ ಬೇಯಿಸುವ ಕ್ರಮವನ್ನು ಹಿಡಿದರು. ಕಥೆ ಹೀಗಿರಲಾಗಿ, ಮೈಸೂರು ಸಂಸ್ಥಾನದ ಊರೊಂದರ ಹೆಸರನ್ನು ಜಗತ್ತಿಗೆ ಸಾರಿದ ತಿಂಡಿಯು ಮುಂಬಯಿ ಪ್ರಾಂತದಿಂದ ಹೊಳೆ ದಾಟಿ ಬಂದ ಹೆಣ್ಣುಮಗಳೊಬ್ಬಳ ಕೈಗುಣವಾಯಿತು. ಹರಿಹರದಲ್ಲಿ ನಮ್ಮ ಮುಂದೆ ಬಂದ ದೋಸೆಯೂ ಆ ವಂಶದ್ದೇ: ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಬೆಣ್ಣೆಯ ಮುದ್ದೆ, ಅರಿಶಿನವಿಲ್ಲದ ಬಿಳಿಯ ಆಲೂಗೆಡ್ಡೆಯ ಪಲ್ಯ, ತೆಂಗಿನಕಾಯಿಯ ಚಟ್ನಿ.

ಊಟದ ಮನೆಗಳು ಅಳಿಸಿದ ಗಡಿ ಇನ್ನೊಂದುಂಟು. ‘ಪಂಕ್ತಿ’ ಎಂಬ ಶಬ್ದದ ಮೂಲಾರ್ಥ ಐದರ ಗುಂಪು. ಬರಬರುತ್ತ ಅದು ಸಾಲೆಂದಾಗಿ, ಕೊನೆಗೆ ‘ಪಂಕ್ತಿಭೇದ’ವೆಂಬ ಮಾತು ಹುಟ್ಟಿತು. ಒಂದು ಕಾಲದಲ್ಲಿ ಎರಡೂ ಪ್ರಾಂತಗಳ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿರುತ್ತಿದ್ದಿತು. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಹೊಸ್ತಿಲ ಒಳಗೆ ಪ್ರವೇಶವೇ ಇರಲಿಲ್ಲ. ೧೯೫೦ರ ರಾಜ್ಯಾಂಗದ ೧೫ನೆಯ ವಿಧಿಯು ಜಾತಿಯ ಕಾರಣದಿಂದ ಯಾರನ್ನೂ ಅಂಗಡಿ, ಹೋಟೆಲುಗಳಿಂದ ದೂರವಿಡಕೂಡದೆಂದು ವಿಧಿಸಿತು; ೧೯೫೫ರ ಕಾಯಿದೆಯು ಹಾಗೆ ಮಾಡುವವರಿಗೆ ಶಿಕ್ಷೆಯನ್ನು ಗೊತ್ತುಪಡಿಸಿತು. ಕುಮಾರಪಟ್ಟಣದ ಬಾಕಿನ ಮೇಲೆ ನಮ್ಮ ಎಡಬಲಕ್ಕೆ ಕುಳಿತವರು ಯಾರೆಂದು ನಾವು ಕೇಳಲಿಲ್ಲ, ಅವರೂ ನಮ್ಮನ್ನು ಕೇಳಲಿಲ್ಲ. ಚಟ್ನಿಯ ಪುಡಿಯ ಡಬ್ಬಿ ಮಾತ್ರ ಕೈಯಿಂದ ಕೈಗೆ ಸಾಗುತ್ತಿದ್ದಿತು. ನ್ಯಾಯವು ಪುಸ್ತಕದಿಂದ ಇಳಿದು ಬಾಕಿನ ಮೇಲೆ ಬಂದು ಕುಳಿತ ಮೇಲೆಯೇ ಅದಕ್ಕೆ ಪೂರ್ಣತೆ.

ಇಷ್ಟೆಲ್ಲ ಸಂತೋಷದ ಮಾತಾಯಿತು. ಚಿಂತೆಯ ಮಾತೊಂದನ್ನು ಹೇಳದೆ ಬಿಡಲಾಗದು. ರಾತ್ರಿಯಾದೊಡನೆ ಎರಡೂ ದಡದ ಬೀದಿಗಳಲ್ಲಿ ಕೈಗಾಡಿಗಳು ಬಂದು ನಿಲ್ಲುವುವು. ಹೆದ್ದಾರಿಯ ಬದಿಯಲ್ಲಿ ಢಾಬಾಗಳ ದೀಪಗಳು ಹೊತ್ತುವುವು. ಅಲ್ಲಿ ಈ ದಡ ಆ ದಡವೆಂಬ ಭೇದವೇ ಇಲ್ಲ. ಎಲ್ಲಿ ನೋಡಿದರೂ ಅದೇ ಕೆಂಪು ಬಣ್ಣದ ಗೋಬಿ ಮಂಚೂರಿ, ಅದೇ ಕೆಂಪು ಸಾರಿನ ಪನೀರು. ಮಂಚೂರಿಯವೆಂಬ ಚೀನದ ಪ್ರಾಂತಕ್ಕೂ ಈ ತಿಂಡಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಇದು ನಮ್ಮ ದೇಶದಲ್ಲಿಯೇ ಹುಟ್ಟಿದ್ದು. ಹೊಸ ತಿಂಡಿಯೆಂಬ ಕಾರಣಕ್ಕೆ ನಾವು ಅದನ್ನು ಜರೆಯುವುದಿಲ್ಲ; ಬೆಣ್ಣೆದೋಸೆಯೂ ಒಮ್ಮೆ ಹೊಸತೇ ಆಗಿದ್ದಿತು. ನಮ್ಮ ಆಕ್ಷೇಪವಿರುವುದು ಆ ಬಣ್ಣದ ಮೇಲೆ. ೨೦೨೪ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಮಕ್ಕಳ ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣ ಸಿಕ್ಕಿದ್ದರಿಂದ ಅದಕ್ಕೂ ತಡೆಯಾಯಿತು.

ಈಗ ವಾಚಕರು ಸ್ವಲ್ಪ ಆಲೋಚಿಸಬೇಕು. ಈ ಗಾಡಿಗಳು ನಿಲ್ಲುವ ಸ್ಥಳದಿಂದ ರಾಣೆಬೆನ್ನೂರಿನ ಮೇಲೆ ಹೋದರೆ ಸ್ವಲ್ಪ ಹೊತ್ತಿನಲ್ಲಿಯೇ ಬ್ಯಾಡಗಿ ಸಿಕ್ಕುವುದು. ಅಲ್ಲಿಯ ಪೇಟೆಗೆ ಬರುವ ಮೆಣಸಿನಕಾಯಿ ಲೋಕಪ್ರಸಿದ್ಧವಾದುದು. ಡಬ್ಬಿ, ಕಡ್ಡಿಯೆಂಬ ಬಗೆಗಳು, ಸುಕ್ಕುಗಟ್ಟಿದ ಮೈ, ಖಾರ ಕಡಮೆ, ಬಣ್ಣ ಗಾಢ. ೨೦೧೧ರಲ್ಲಿ ಇದಕ್ಕೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಇದರ ಸತ್ತ್ವವನ್ನು ಯಂತ್ರಗಳಿಂದ ತೆಗೆದು ಆಹಾರಕ್ಕೂ ತುಟಿಯ ಬಣ್ಣಕ್ಕೂ ಕೆಂಪು ಕೊಡಲು ದೂರದೇಶಗಳವರು ಕೊಳ್ಳುವರು. ಹೀಗಿದ್ದೂ ಬಣ್ಣಕ್ಕೆ ತವರಾದ ನಾಡಿನ ಬೀದಿಯಲ್ಲಿ ನಮ್ಮ ಮಕ್ಕಳ ತಟ್ಟೆಗೆ ಬೀಳುವುದು ಪೊಟ್ಟಣದ ಕೃತಕ ಬಣ್ಣ! ಅದೇ ೨೦೨೪ರ ಮಾರ್ಚ್ ತಿಂಗಳಲ್ಲಿಯೇ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದು, ಕಂಗೆಟ್ಟ ರೈತರು ರೊಚ್ಚಿಗೆದ್ದು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಬೆಂಕಿ ಹಚ್ಚುವುದು ಸರಿಯೆಂದು ಯಾವ ಉಪಾಧ್ಯಾಯನೂ ಹೇಳಲಾರನು. ಆದರೆ ನಿಜವಾದ ಕೆಂಪಿಗೆ ಬೆಲೆಯಿಲ್ಲದೆ ಸುಳ್ಳು ಕೆಂಪಿಗೆ ಗಿರಾಕಿಗಳು ಮುಗಿಬೀಳುವ ಕಾಲದಲ್ಲಿ ಬೆಳೆದವನ ಸಂಕಟವನ್ನು ಉಣ್ಣುವವನು ಅರಿಯದಿರುವುದು ಧರ್ಮವಲ್ಲ.

ಕುಮಾರಪಟ್ಟಣ, ಹರಿಹರಗಳಲ್ಲಿ ನಾವು ಕಂಡುಕೊಂಡುದಿಷ್ಟು: ಗಡಿಯನ್ನು ಅಳಿಸುವ ಬಗೆಗಳು ಎರಡು. ಈ ದಡದ ರೊಟ್ಟಿ ಆ ದಡಕ್ಕೆ, ಆ ದಡದ ದೋಸೆ ಈ ದಡಕ್ಕೆ ಬಂದು, ಎರಡೂ ತಮ್ಮ ರುಚಿಯನ್ನು ಉಳಿಸಿಕೊಂಡು ನೆರೆಯಾಗಿ ಬಾಳುವುದು ಒಂದು. ಎರಡನ್ನೂ ಒಂದೇ ಬಣ್ಣದಲ್ಲಿ ಮುಳುಗಿಸಿ, ಯಾವ ಊರಿನಲ್ಲಿ ಉಂಡೆವೆಂಬುದೇ ತಿಳಿಯದಂತೆ ಮಾಡುವುದು ಇನ್ನೊಂದು. ಮೊದಲನೆಯದು ಕೂಟ, ಎರಡನೆಯದು ನಾಶ.

ಗೃಹಸ್ಥರು ಇದರಲ್ಲಿ ಮಾಡಬಹುದಾದುದು ಬಹಳವಿದೆ, ಕಷ್ಟವಾದುದೇನೂ ಅಲ್ಲ. ಪರಸ್ಥಳಕ್ಕೆ ಹೋದಾಗ ಅಡಿಗೆಮನೆ ಕಣ್ಣಿಗೆ ಕಾಣುವ ಊಟದ ಮನೆಯನ್ನು ಹುಡುಕಿರಿ. ಅಸಹಜವಾಗಿ ಹೊಳೆಯುವ ಬಣ್ಣದ ಪದಾರ್ಥವನ್ನು ಮಕ್ಕಳು ಹಟ ಮಾಡಿದರೂ ಕೊಡಿಸಬೇಡಿರಿ. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ಅರೆದು ಅದೇ ತಿಂಡಿಯನ್ನು ಮಾಡಿಕೊಟ್ಟರೆ ಅವರ ಹಟವೂ ತೀರುವುದು, ಬೆಳೆದವನಿಗೂ ನಾಲ್ಕು ಕಾಸು ಸೇರುವುದು. ಖಾನಾವಳಿಯಲ್ಲಿ ಉಂಡಾಗ ರೊಟ್ಟಿಯ ಬೆಲೆ ಒಂದೆರಡು ರೂಪಾಯಿ ಹೆಚ್ಚಾಯಿತೆಂದು ಗೊಣಗಬೇಡಿರಿ. ಅದು ಒಬ್ಬಳ ಅಂಗೈಯ ಬೆಲೆ. ಮನೆಯ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ರೊಟ್ಟಿ ಬಡಿಯುವುದನ್ನು ಕಲಿಸಿರಿ. ಅವರು ನೌಕರಿಗೆ ಹೋಗಲಿ, ದೂರದೇಶಕ್ಕೆ ಹೋಗಲಿ. ಆ ಕೈಗುಣವು ಅವರ ಜೊತೆಗೆ ಹೋಗುವುದು, ಅದಕ್ಕೆ ಯಾವ ಗಡಿಯಲ್ಲಿಯೂ ಸುಂಕವಿಲ್ಲ.