ದಬ್ಬಳ ಹಿಡಿದ ಡಾಕ್ಟರ್

ದಾವಣಗೆರೆಯ ನಮ್ಮ ಅಕ್ಕಿ ಮಂಡಿಯಲ್ಲಿ ಹರಿದ ಗೋಣಿಚೀಲಗಳಿಗೆಂದೇ ಒಂದು ಮೂಲೆಯಿತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಹಮಾಲರು ಅಲ್ಲಿ ಕೂತು ದಬ್ಬಳಕ್ಕೆ ಸುತಳಿ ಪೋಣಿಸಿ ತೇಪೆ ಹಾಕುತ್ತಿದ್ದರು. ಕೊಕ್ಕೆ ಎಳೆದಲ್ಲಿ ಚೀಲ ಉದ್ದಕ್ಕೆ ಸೀಳುತ್ತದೆ. ಇಲಿ ಕಡಿದದ್ದಾದರೆ ತೂತು ಗುಂಡಗೆ, ಅಂಚೆಲ್ಲ ಜುಂಗು ಜುಂಗು. ಸೀಳಿಗೆ ಹೊಲಿಗೆ ಸಾಕು, ತೂತಿಗೆ ತೇಪೆಯೇ ಬೇಕು.

ಮುಂದೆ ಚಿತ್ರ ಬರೆಯುವ ಹುಚ್ಚು ಹತ್ತಿದ ಮೇಲೆ, ಪುಸ್ತಕವೊಂದರಲ್ಲಿ ಇಟಲಿಯ ಕಲಾವಿದ ಆಲ್ಬರ್ಟೊ ಬುರ್ರಿಯ ಗೋಣಿಚೀಲದ ಕೃತಿಗಳು ಸಿಕ್ಕವು. ಎಲ್ಲಕ್ಕಿಂತ ಮೊದಲು ನನ್ನ ಕಣ್ಣು ಹೋದದ್ದು ಹೊಲಿಗೆಯ ಮೇಲೆ. ಇದು ಕೊಕ್ಕೆ, ಅದು ಇಲಿ ಎಂದು ಮಂಡಿಯವನ ಹಾಗೆ ಗುರುತು ಹಿಡಿಯುತ್ತ ಹೋದೆ.

1915ರಲ್ಲಿ ಹುಟ್ಟಿದ ಬುರ್ರಿ ಓದಿದ್ದು ವೈದ್ಯಕೀಯ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಡಾಕ್ಟರಾಗಿದ್ದವನು 1943ರಲ್ಲಿ ಟ್ಯುನೀಸಿಯಾದಲ್ಲಿ ಸೆರೆಸಿಕ್ಕಿ, ಅಮೆರಿಕದ ಟೆಕ್ಸಾಸಿನ ಹಿಯರ್‌ಫರ್ಡ್ ಶಿಬಿರ ಸೇರಿದ. ಚಿತ್ರ ಬರೆಯಲು ಹಿಡಿದದ್ದು ಅಲ್ಲೇ. ಕ್ಯಾನ್ವಾಸಿನ ಬದಲು ಗೋಣಿತಾಟು. ಊರಿಗೆ ಮರಳಿದ ಮೇಲೆ ವೈದ್ಯಕೀಯಕ್ಕೆ ಕೈಮುಗಿದ. 1950ರ ಹೊತ್ತಿಗೆ ಗೋಣಿಯೇ ಚಿತ್ರವಾಯಿತು. ಹಳೆಯ ಚೀಲದ ತುಂಡುಗಳನ್ನು ಒಂದಕ್ಕೊಂದು ಹೊಲಿದು ಚೌಕಟ್ಟಿಗೆ ಬಿಗಿದರೆ, ತೂತಿನ ಹಿಂದಿನಿಂದ ಕೆಂಪೋ ಕಪ್ಪೋ ಇಣುಕುತ್ತದೆ. ಡಾಕ್ಟರನ ಹೊಲಿಗೆ ಎಂದ ಕೂಡಲೇ ವಿಮರ್ಶಕರಿಗೆ ಯುದ್ಧದ ಗಾಯ ಕಂಡಿತು. ಅಂಥ ಅರ್ಥವನ್ನೆಲ್ಲ ಬುರ್ರಿ ಒಪ್ಪುತ್ತಿರಲಿಲ್ಲ. ನಾನೂ ಅವನ ಕಡೆಗೇ. ಬಿಳಿ ಕ್ಯಾನ್ವಾಸಿಗೆ ಎಲ್ಲವನ್ನೂ ನಾವೇ ಹೊತ್ತು ತರಬೇಕು. ಗೋಣಿ ಮಾತ್ರ ಗಿರಣಿಯ ಮುದ್ರೆ, ಅರಿಶಿನದ ಕಲೆ, ಯಾರದೋ ತೇಪೆ ಎಲ್ಲ ಹೊತ್ತುಕೊಂಡೇ ಬಂದಿರುತ್ತದೆ. ಅದರ ಮೇಲೆ ಇನ್ನೊಂದು ಅರ್ಥದ ಮೂಟೆ ಯಾಕೆ?

ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನನ್ನದೂ ಇದೇ ಕೆಲಸ. ಗೋಣಿ ಒಗೆದು ಒಣಗಿಸಿ, ಚೌಕಟ್ಟಿಗೆ ಮೊಳೆ ಹೊಡೆದು, ನೀರು ಬೆರೆಸಿದ ಫೆವಿಕಾಲ್ ಬಳಿಯುತ್ತೇನೆ. ಬಳಿಯದಿದ್ದರೆ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಎಣ್ಣೆಬಣ್ಣ ನೇರ ತಾಗಿದರಂತೂ ಕಾಲಕ್ರಮದಲ್ಲಿ ನಾರು ಲಡ್ಡಾಗುತ್ತದೆ. ಒರಟು ನೇಯ್ಗೆಗೆ ಕುಂಚದ ಕೂದಲು ಉಳಿಯುವುದಿಲ್ಲ. ಹಾಗಾಗಿ ಗಾರೆಯವರ ಕರಣೆಯಲ್ಲಿ ಬಣ್ಣ ಮೆತ್ತುತ್ತೇನೆ. ಗೆರೆ ಬೇಕಾದರೆ, ಫೆವಿಕಾಲ್ ಬಳಿಯುವ ಮೊದಲೇ ದಬ್ಬಳ. ಮೊನೆಯಿಂದ ಒಂದು ಎಳೆ ಎಬ್ಬಿಸಿ ಮೆಲ್ಲಗೆ ಜಗ್ಗಿದರೆ ಅದು ಸರ್‍ರನೆ ಬಂದುಬಿಡುತ್ತದೆ. ಅದಿದ್ದ ಜಾಗದಲ್ಲಿ ಉಳಿದ ಅಡ್ಡ ಎಳೆಗಳ ಸಂದಿಯಿಂದ ಬೆಳಕು ನುಗ್ಗುತ್ತದೆ. ಅಷ್ಟು ನೇರವಾದ ಗೆರೆಯನ್ನು ನನ್ನ ಕೈ ಯಾವ ಕುಂಚದಲ್ಲೂ ಎಳೆದಿಲ್ಲ.

ಊರಿಂದ ಬಂದ ಅಪ್ಪ ಕನ್ನಡಕ ಏರಿಸಿ ನೋಡಿದರು. “ತೇಪೆ ಗಟ್ಟಿ ಐತಿ. ಆದ್ರೆ ಇದನ್ನ ರೊಕ್ಕ ಕೊಟ್ಟು ಯಾರು ತಗಂತಾರೋ?” ಅಪ್ಪನದು ಒಂಟಿ ದನಿಯಲ್ಲ. ರೋಮಿನ ರಾಷ್ಟ್ರೀಯ ಗ್ಯಾಲರಿಯಲ್ಲಿ ಬುರ್ರಿಯ ದೊಡ್ಡ ಗೋಣಿಚಿತ್ರ ತೂಗಿದಾಗ, ಇದಕ್ಕೆಷ್ಟು ಖರ್ಚಾಯಿತು ಎಂದು 1959ರಲ್ಲಿ ಇಟಲಿಯ ಸಂಸತ್ತಿನಲ್ಲೇ ಪ್ರಶ್ನೆ ಎದ್ದಿತ್ತು.

ಈಗ ಮಂಡಿಗೂ ಪ್ಲಾಸ್ಟಿಕ್ ಚೀಲ ಬಂದಿದೆ. ಬುರ್ರಿಯೂ 1960ರ ದಶಕದ ಹೊತ್ತಿಗೆ ಪ್ಲಾಸ್ಟಿಕ್ ಹಾಳೆಗೆ ಬೆಂಕಿ ಹಿಡಿದು, ಕರಗಿ ಸುರುಟಿದ ತೂತುಗಳಲ್ಲೇ ಚಿತ್ರ ಮಾಡಿದ. ಅದನ್ನೂ ಮಾಡಿ ನೋಡೋಣವೆಂದರೆ ಮೇಲ್ಮಹಡಿಯ ಮಾಲೀಕರು ಕಾಫಿಯ ಜತೆ ಗಾಳಿ ಸೇವಿಸುವುದು ನನ್ನ ಬಾಲ್ಕನಿಯ ನೇರಕ್ಕೇ.