ಗಬ್ಬರ್ ಬೆಟ್ಟ ದಾಟಿ ಬೊಂಬೆ ಊರಿಗೆ!

ಬೊಮ್ಮನಹಳ್ಳಿಯ ಫ್ಯಾಕ್ಟರಿ ಹೈಕಳೇ, ಭಾನುವಾರ ರಜಾನಾ? ಮೈಸೂರು ಕಡೆ ಹೊರಡಿ! ಆದರೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಬೇಡ, ಅದು ಊರುಗಳನ್ನೇ ಬಿಟ್ಟು ಹಾರುತ್ತೆ. ಹಳೇ ರಸ್ತೆಯ ಕೆಂಪು ಬಸ್ ಹತ್ತಿ. ರಾಮನಗರದಲ್ಲಿ ‘ಶೋಲೆ’ (1975) ತೆಗೆದ ರಾಮದೇವರ ಬೆಟ್ಟಕ್ಕೊಂದು ಸಲಾಂ ಹೊಡೆದು ಚನ್ನಪಟ್ಟಣದಲ್ಲಿ ಇಳೀರಿ. ಲೇತಿನಲ್ಲಿ ಕಬ್ಬಿಣ ತಿರುಗಿಸೋ ನಿಮಗೇ ಬೆರಗಾಗಬೇಕು! ಗಿರ್ರನೆ ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ; ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತೆ. ಕುಂಚದ ಮಾತೇ ಇಲ್ಲ. ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಿ, ಪಕ್ಕದಲ್ಲೇ ಪ್ಲಾಸ್ಟಿಕ್ಕೂ ಕೂತಿರುತ್ತೆ! ಚೌಕಾಸಿ ಜಾಸ್ತಿ ಬೇಡ ಗುರೂ, ಕಾರಿನ ಗಿರಾಕಿಗಳು ಹೊಸ ರಸ್ತೆ ಹಿಡಿದ ಮೇಲೆ ಈ ಅಂಗಡಿಗಳಿಗೆ ಬಸ್ಸಿನವರೇ ಗತಿ. ಮುಂದೆ ಮದ್ದೂರು. ಉದ್ದಿಲ್ಲದ, ರವೆ-ಈರುಳ್ಳಿಯ ಗರಿಗರಿ ವಡೆ. ರೂಮಿನವರಿಗೂ ನಾಲ್ಕು ಕಟ್ಟಿಸಿಕೊಳ್ಳಿ.